ಪಾಲಿಗೆ ಬಂದದ್ದು

ಸದಾಶಿವ ಪೇಠೆಯ ಕಾಲೇಜಿನಲ್ಲಿ ದತ್ತಿ ಖಾತೆಯ ಗುಮಾಸ್ತೆ ನಾನು.
ಇಪ್ಪತ್ತೆರಡು ಜೂನುಗಳಿಂದ ಇದೇ ಕಿಟಕಿ,
ಗಾಜಿನಲ್ಲಿ ಇದೇ ಅರ್ಧಚಂದ್ರದ ತೂತು,
ತೂತಿನಲ್ಲಿ ಕೈಗಳು.
ಮುಖ ನೋಡಬೇಕೆಂದರೆ ಅವರೂ ಬಾಗಬೇಕು, ನಾನೂ.

ರಜಿಸ್ಟರಿನಲ್ಲಿ ಸತ್ತವರು ಇನ್ನೂ ಕೊಡುತ್ತಲೇ ಇದ್ದಾರೆ.
ಕಾವ್ಯದಲ್ಲಿ ಮೊದಲು ಬಂದವರಿಗೆ ಇಪ್ಪತ್ತೊಂದು ರೂಪಾಯಿ,
ವ್ಯಾಕರಣಕ್ಕೆ ಹದಿನೈದು,
ತರ್ಕಕ್ಕೊಂದು ಬೆಳ್ಳಿ ಪದಕವಿತ್ತು,
ಅರವತ್ಮೂರರಿಂದ ಅದು ‘ಪದಕದ ಬಾಬ್ತು’ ನಾಲ್ಕು ರೂಪಾಯಿ.
ಒಂದು ಕಾಲಕ್ಕೆ ಈ ದುಡ್ಡಿಗೆ ನಿಘಂಟು ಬರುತ್ತಿತ್ತಂತೆ,
ಮಿಕ್ಕಿದ್ದಕ್ಕೆ ದೀಪದ ಎಣ್ಣೆ.
ಈಗ ಚೆಕ್ಕು ಜಮೆ ಮಾಡಲು ಹೋಗಿಬರುವ ರಿಕ್ಷಾಕ್ಕೂ ಸಾಲದು.
ಆದರೂ ಬರೆಯುತ್ತೇನೆ, ಅಂಕಿಯಲ್ಲಿ, ಅಕ್ಷರದಲ್ಲಿ,
ಕೊನೆಗೆ ‘ಮಾತ್ರ’ ಎಂದು.
ಮಾತ್ರ ಎನ್ನುವಾಗ ಒಮ್ಮೊಮ್ಮೆ ನಗು ಬರುತ್ತದೆ.

ಯಶೋಧರಾ ಓವ್ಹಾಳಳ ಕೈ ಬಂದದ್ದು ಗುರುವಾರ,
ಎಂದಿನಂತೆ ಕರೆಂಟು ಇಲ್ಲ.
ಬಿ.ಎ. ಎರಡನೆಯ ವರ್ಷ, ಪಾಲಿ.
ತರಗತಿಯಲ್ಲಿ ಮೂವರು; ಒಬ್ಬರು ನಿವೃತ್ತ ಪೋಸ್ಟ್‌ಮಾಸ್ತರು,
ಅವರಿಗೆ ಪರೀಕ್ಷೆ ಬೇಡ,
ಹಾಗಾಗಿ ಇವಳು ಇಬ್ಬರಲ್ಲಿ ಪ್ರಥಮ.
ಸರ್ಕಾರದ ಅರ್ಜಿಯಲ್ಲಿ ವಿಷಯಗಳ ಪಟ್ಟಿ ಇಳಿಯುತ್ತದೆ, ಇಳಿಯುತ್ತದೆ,
ಪಾಲಿ ಸಿಗಲಿಲ್ಲ, ‘ಇತರೆ’ ಒತ್ತಿದಳು.
ಇತರೆಯವರ ಹಣ ಹದಿನಾಲ್ಕು ತಿಂಗಳಿಂದ ಪ್ರಕ್ರಿಯೆಯಲ್ಲಿದೆ.
“ನಿಮ್ಮ ಹತ್ತಿರ ಏನಾದರೂ ಇದೆಯಾ ಮ್ಯಾಡಂ?”
ಅಂಗಡಿಯಲ್ಲಿ ಬಟಾಣಿ ಕೇಳಿದ ಹಾಗೆ.

ಇತ್ತು.
ಕೈ. ದ್ವಾರಕಾಬಾಯಿ ಖಾಂಬೇಟೆ ಪಾರಿತೋಷಕ, ೧೯೪೧.
ಎರಡು ಬಂಗಾರದ ಪಾಟಲಿ ಮಾರಿ ಇಟ್ಟ ಆರುನೂರು.
ಹನ್ನೊಂದು ವರ್ಷದಿಂದ ಯಾರೂ ಕೇಳಿಲ್ಲ,
ಬಡ್ಡಿ ತನ್ನಷ್ಟಕ್ಕೆ ಕೂತಿದೆ.
ಪಾಟಲಿ ಎಂದರೆ ನಮ್ಮಲ್ಲಿ ಮರ, ಎಂದು ಹುಡುಗಿ ನಕ್ಕಳು.
ನಮ್ಮಲ್ಲಿ ಎಂದದ್ದು ಎರಡು ಸಾವಿರ ವರ್ಷ ಆಚೆಯ ಊರನ್ನು.

ದತ್ತಿಪತ್ರ ಬಿಚ್ಚಿದೆ.
‘ನಮ್ಮ ಪ್ರಾಚೀನ ಭಾಷೆಯಲ್ಲಿ, ಅರ್ಥಾತ್’
ಅರ್ಥಾತ್ ಆದ ಮೇಲೆ ಹುಳ.
ಎಂಬತ್ತು ವರ್ಷ ಕೂತು ತಿಂದಿದೆ ಒಂದೇ ಒಂದು ಶಬ್ದವನ್ನು,
ಆಚೆಗೆ ‘ಪ್ರಥಮ ಬಂದ ಗರೀಬ ವಿದ್ಯಾರ್ಥಿಗೆ’, ಅಚ್ಚುಕಟ್ಟಾಗಿ.
ಏನಿತ್ತೆಂದು ನನಗೆ ಗೊತ್ತು. ಈ ಪೇಠೆಯಲ್ಲಿ ಯಾರಿಗೂ ಗೊತ್ತು.
ಅಳತೆಯೇ ಹೇಳುತ್ತದೆ, ಮೂರಕ್ಷರದ ತೂತು.
ಪಾಲಿಗೆ ಎರಡು ಸಾಕು.
ಟಿಪ್ಪಣಿ ಬರೆದೆ:
‘ದಾನಿಯು ಭಾಷೆಯನ್ನು ಗೊತ್ತುಪಡಿಸಿದ್ದು ಕಂಡುಬರುವುದಿಲ್ಲ.’
ಸುಳ್ಳಲ್ಲ. ಕಂಡುಬರುವುದಿಲ್ಲ.
ಪ್ರಿನ್ಸಿಪಾಲರು ಮೊತ್ತ ನೋಡಿದರು, ಮೇಲಿನದನ್ನು ಓದದೆ ಸಹಿ ಹಾಕಿದರು.
ಸಣ್ಣ ಮೊತ್ತಗಳಿಗೆ ಈ ಒಂದು ಸ್ವಾತಂತ್ರ್ಯವಿದೆ.

ನಾನೂರ ಮೂವತ್ತೆರಡು ರೂಪಾಯಿ ಮಾತ್ರ.

ರಜಿಸ್ಟರಿಗೆ ಬಾಗಿದವಳು ಕೇಳಿದಳು, ನಿಮ್ಮ ಊರು ಯಾವುದು.
ಜತ್ತಿನ ಕಡೆ, ಮನೆಮಾತು ಕನ್ನಡ, ಇಲ್ಲಿ ಬರೆಯುವುದೆಲ್ಲ ಮರಾಠಿ, ಎಂದೆ.
ಪಾಲಿಗೂ ತನ್ನದೆಂಬ ಲಿಪಿಯಿಲ್ಲ, ಎಂದಳು,
ಸಿಕ್ಕ ಅಕ್ಷರದಲ್ಲಿ ಇದ್ದುಬಿಡುತ್ತದೆ.
ಪೆನ್ನು ಹಿಂದಕ್ಕೆ ಕೊಡುತ್ತ ಮತ್ತೆ:
ಅದರಲ್ಲಿ ‘ಅವಳಿಗೆ’ ಎನ್ನಲೂ ‘ಅವಳ’ ಎನ್ನಲೂ ಒಂದೇ ರೂಪ.
ತಸ್ಸಾ.
ಯಾರೋ ಕೊಟ್ಟದ್ದೋ, ಮೊದಲೇ ಅವಳದೋ,
ವಾಕ್ಯ ಮುಗಿದ ಮೇಲೇ ತಿಳಿಯುವುದು, ಕೆಲವು ಸಲ ಆಗಲೂ ಇಲ್ಲ.

ಅವ್ವನ ಮಾತು ನೆನಪಾಯಿತು, ಪಾಲಿಗೆ ಬಂದದ್ದು ಪಂಚಾಮೃತ.
ಎರಡನೇ ರೊಟ್ಟಿ ಕೇಳಿದಾಗ ಹೇಳುತ್ತಿದ್ದಳು,
ನಾನದನ್ನು ಬೈಗುಳವೆಂದೇ ತಿಳಿದಿದ್ದೆ.
ಮರಾಠಿಯಲ್ಲಿ ಹೇಗೆ ಹೇಳುವುದೋ ತೋಚದೆ
ಏನು ಮಾಡುತ್ತೀ ಇಷ್ಟರಲ್ಲಿ, ಎಂದೆ.

ನಿಘಂಟಿನ ಝೆರಾಕ್ಸು. ಪುಟಕ್ಕೊಂದು ರೂಪಾಯಿ.
ಅ ಇಂದ ಪ ಮುಗಿಯುವವರೆಗೆ ಆಗುತ್ತದೆ, ಲೆಕ್ಕ ಹಾಕಿದ್ದೇನೆ.

ಬರುವ ವರ್ಷದ ಬಡ್ಡಿ ಬರೀ ಮೂವತ್ತಾರು, ನೋಡು.

“ಫ ಚಿಕ್ಕದು ಮ್ಯಾಡಂ,” ಎಂದಳು, “ಅಷ್ಟು ಸಾಕು.”